ಹಾರಲಾರದ ಏವ್ರೋ ಆ್ಯರೋ ಪ್ರತಿಕೃತಿಯನ್ನು ಏಕೆ ಕಾಪಾಡಬೇಕು?

ಏಕೆಂದರೆ ಮೂಲ ವಿಮಾನ ಒಂದೂ ಇಡಿಯಾಗಿ ಉಳಿದಿಲ್ಲ. ಕೆನಡಾದ ಏವ್ರೋ ಕಂಪನಿಯ ಸಿಎಫ್-105 ಆ್ಯರೋ ಯುದ್ಧವಿಮಾನ 1958ರ ಮಾರ್ಚ್ 25ರಂದು ಮೊದಲ ಬಾರಿ ಹಾರಿತು. ಒಂದು ವರ್ಷ ತುಂಬುವ ಮೊದಲೇ, 1959ರ ಫೆಬ್ರವರಿ 20ರಂದು, ಪ್ರಧಾನಿ ಡೀಫನ್‌ಬೇಕರ್ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಸಾವಿರಾರು ಜನರ ಕೆಲಸ ಒಂದೇ ದಿನದಲ್ಲಿ ಹೋಯಿತು. ಹಾರಿದ್ದ ಐದೂ ವಿಮಾನಗಳನ್ನು ಕತ್ತರಿಸಿ ಗುಜರಿಗೆ ಹಾಕಿದರು. ನನ್ನ ಮಟ್ಟಿಗೆ, ಯೋಜನೆ ನಿಲ್ಲಿಸಿದ್ದಕ್ಕಿಂತ ದೊಡ್ಡ ತಪ್ಪು ಇದೇ. ಆರನೆಯ ವಿಮಾನದ ಮೂತಿಯ ಭಾಗ ಒಟ್ಟಾವಾದ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮುಂದೆ ನಿಂತರೂ ಸುಮಾರು 15 ಮೀಟರ್ ಅಗಲದ ಆ ತ್ರಿಕೋನಾಕಾರದ ರೆಕ್ಕೆ ಕಣ್ಣಿಗೆ ಕಟ್ಟುವುದಿಲ್ಲ.

ಆ ಕೊರತೆಯನ್ನು ತುಂಬಲೆಂದೇ ಟೊರಾಂಟೊದ ಡೌನ್ಸ್‌ವ್ಯೂನಲ್ಲಿ ಸ್ವಯಂಸೇವಕರು ವರ್ಷಗಟ್ಟಲೆ ದುಡಿದು ಪೂರ್ಣ ಗಾತ್ರದ ಪ್ರತಿಕೃತಿ ಕಟ್ಟಿದರು. 2006ರಲ್ಲಿ ಅದು ಜನರ ಮುಂದೆ ಬಂತು. 2011ರಲ್ಲಿ ಅದನ್ನು ಇಟ್ಟಿದ್ದ ಡೌನ್ಸ್‌ವ್ಯೂನ ವಸ್ತುಸಂಗ್ರಹಾಲಯ ಜಾಗ ತೆರವು ಮಾಡಬೇಕಾಯಿತು. ಪ್ರತಿಕೃತಿಗೂ ನೆಲೆ ತಪ್ಪಿತು. ಕೊನೆಗೆ ಒಂಟಾರಿಯೋದ ಈಡನ್‌ವೇಲ್ ವಿಮಾನನೆಲೆಯಲ್ಲಿ ಆಶ್ರಯ ದೊರೆಯಿತು.

ಇಂಥ ಪ್ರತಿಕೃತಿಗೆ ಮೊದಲು ಬೇಕಾದದ್ದು ಸೂರು. ಬಯಲಿನಲ್ಲಿಟ್ಟರೆ ಕೀಲುಗಳ ಸಂದಿಗೆ ಇಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬುತ್ತದೆ, ಸಂದಿ ಅಗಲವಾಗುತ್ತದೆ. ಉಕ್ಕು, ಅಲ್ಯೂಮಿನಿಯಂ ಒಂದಕ್ಕೊಂದು ತಾಗುವ ಕಡೆ ತೇವ ನಿಂತರೆ ಅಲ್ಯೂಮಿನಿಯಂ ಸವೆಯತೊಡಗುತ್ತದೆ: ರಿವೆಟ್ (ತಗಡುಗಳನ್ನು ಜೋಡಿಸುವ ಮೊಳೆ) ಸುತ್ತ ಬಣ್ಣ ಗುಳ್ಳೆಯೆದ್ದು, ಒಳಗಿನಿಂದ ಬಿಳಿ ಪುಡಿ ಉದುರುತ್ತದೆ. ಅದನ್ನು ಕೆರೆದು, ಒಣಗಿಸಿ, ತಡೆಲೇಪನ ಬಳಿಯದೆ ಮೇಲೆ ಹೊಸ ಬಣ್ಣ ಹೊಡೆದರೆ ಹಾಳಾಗುವುದು ಒಳಗೇ ಮುಂದುವರಿಯುತ್ತದೆ.