ಮಳೆಗಾಲದ ಚೊಚ್ಚಲ ಹೆರಿಗೆ

ಪ್ರಶ್ನೆ: ಮೂಡಿಗೆರೆ ಹತ್ತಿರದ ತೋಟದ ಮನೆ ನಮ್ಮದು. ನನಗೀಗ ಏಳು ತಿಂಗಳು, ಚೊಚ್ಚಲು. ಜುಲೈಗೆ ದಿನ ಕೊಟ್ಟಿದ್ದಾರೆ. ಮಗು ಹುಟ್ಟುವ ಮೊದಲು ಏನೂ ತರಬಾರದು ಅನ್ನುತ್ತಾರೆ ಅತ್ತೆ. ಏನು ಮಾಡಲಿ?

ಉತ್ತರ: ಅತ್ತೆ ಜೊತೆ ಜಗಳ ಬೇಡ, ತೊಟ್ಟಿಲು ಆಮೇಲೆ ಬರಲಿ ಬಿಡಿ. ಆದರೆ ಹಳೆಯ ಕಾಟನ್ ಸೀರೆ, ಪಂಚೆಗಳನ್ನು ಬಿಸಿಲಿರುವಾಗಲೇ ಒಗೆದು ಒಣಗಿಸಿ, ಹರಿದು ಮಡಚಿಡಿ, ಯಾಕಂದ್ರೆ ಜುಲೈ ಮಳೆಯಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದುಂಟಾ? ಜಾಸ್ತಿ ಯೋಚಿಸಬೇಕಾದ್ದು ದಾರಿ ಬಗ್ಗೆ. ಮರ ಬಿದ್ದರೆ 108 ಕೂಡ ತಡವಾಗುತ್ತದೆ. ಪಕ್ಕದ ಮನೆಯ ಜೀಪಿನವರಿಗೆ ಈಗಲೇ ಹೇಳಿಟ್ಟಿರಿ. ಕೊನೆಯ ವಾರ ಆಸ್ಪತ್ರೆ ಹತ್ತಿರದ ನೆಂಟರ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ತಾಯಿ ಕಾರ್ಡ್ ಪ್ಲಾಸ್ಟಿಕ್ ಕವರಿನಲ್ಲಿರಲಿ. ಹುಟ್ಟಿದ ಕೂಡಲೇ ಜೇನುತುಪ್ಪ ನೆಕ್ಕಿಸೋಣ ಅಂದರೆ ಮಾತ್ರ ಬೇಡ ಅನ್ನಿ. ಮೊದಲ ಗಂಟೆಯೊಳಗೆ ಎದೆಹಾಲು, 6 ತಿಂಗಳವರೆಗೆ ಅದೇ ಸಾಕು.