ಚೀನಾದ ಸೇನಾಬಲ: ನೆರೆಯವರ ಆತಂಕವೇನು?

ಪ್ರಶ್ನೆ: ಯುದ್ಧವೇ ನಡೆಯದಿರುವಾಗ, ಚೀನಾ ತನ್ನ ಸೇನೆಯನ್ನು ಆಧುನೀಕರಿಸಿಕೊಂಡರೆ ನೆರೆಯ ದೇಶಗಳಿಗೆ ಆಗುವ ತೊಂದರೆಯಾದರೂ ಏನು?

ಉತ್ತರ: ತೊಂದರೆ ಯುದ್ಧಕ್ಕೆ ಬಹಳ ಮೊದಲೇ ಆರಂಭವಾಗುತ್ತದೆ. ದಕ್ಷಿಣ ಚೀನಾ ಸಮುದ್ರದ ಸೆಕೆಂಡ್ ಥಾಮಸ್ ಎಂಬ ಹವಳದ ದಿಬ್ಬದ ಮೇಲೆ ಫಿಲಿಪ್ಪೀನ್ಸ್ 1999ರಲ್ಲಿ ಬೇಕೆಂದೇ ತಂದು ನಿಲ್ಲಿಸಿದ, ಈಗ ತುಕ್ಕು ಹಿಡಿದಿರುವ ಹಳೆಯ ಹಡಗೊಂದಿದೆ. ಅದರಲ್ಲಿರುವ ಬೆರಳೆಣಿಕೆಯ ಸೈನಿಕರಿಗೆ ಆಹಾರ, ನೀರು ಒಯ್ಯುತ್ತಿದ್ದ ಮರದ ದೋಣಿಯ ಮೇಲೆ 2024ರ ಮಾರ್ಚ್‌ನಲ್ಲಿ ಚೀನಾದ ಕರಾವಳಿ ಕಾವಲು ಪಡೆ ಜಲಫಿರಂಗಿ ಹಾಯಿಸಿದಾಗ ಗಾಜು ಒಡೆದು ನಾಲ್ವರು ಗಾಯಗೊಂಡರು. ಗುಂಡು ಹಾರಲಿಲ್ಲ, ನಿಜ. ಆದರೆ ಬೆನ್ನಿಗೆ ಜಗತ್ತಿನಲ್ಲೇ ಅತಿ ಹೆಚ್ಚು ಯುದ್ಧನೌಕೆಗಳುಳ್ಳ ನೌಕಾಪಡೆ ಇರುವುದರಿಂದಲೇ ಇಂಥ ಧೈರ್ಯ ಬರುತ್ತದೆ. ಈ ಸಮುದ್ರದ ಮೇಲಿನ ಚೀನಾದ ಐತಿಹಾಸಿಕ ಹಕ್ಕಿನ ವಾದವನ್ನು ಹೇಗ್‌ನ ನ್ಯಾಯಮಂಡಳಿ 2016ರಲ್ಲಿಯೇ ತಳ್ಳಿಹಾಕಿದ್ದರೂ ಚೀನಾ ಆ ತೀರ್ಪನ್ನು ಒಪ್ಪಿಲ್ಲ ಎಂಬುದು ನನಗೆ ಅತ್ಯಂತ ಕಳವಳಕಾರಿ ಸಂಗತಿ.

ಹಡಗುಗಳ ಎಣಿಕೆಗಿಂತಲೂ ಮುಖ್ಯವಾದುದು 2016ರ ಪುನರ್ರಚನೆ. ಏಳು ಸೇನಾ ವಲಯಗಳ ಬದಲು ಐದು ಸಮರ ಕಮಾಂಡ್‌ಗಳನ್ನು ರಚಿಸಿ, ಭೂಸೇನೆ, ನೌಕಾಪಡೆ, ವಾಯುಪಡೆಗಳು ಒಬ್ಬನೇ ದಂಡನಾಯಕನ ಅಡಿಯಲ್ಲಿ ಒಟ್ಟಾಗಿ ಹೋರಾಡುವಂತೆ ಮಾಡಲಾಯಿತು. ಭಾರತದೊಂದಿಗಿನ ಇಡೀ ಗಡಿ ಪಶ್ಚಿಮ ಕಮಾಂಡ್ ಒಂದರ ಹೊಣೆಯಾಗಿದ್ದರೆ, ನಮ್ಮ ಕಡೆ ಅದೇ ಗಡಿಯನ್ನು ಹಲವು ಕಮಾಂಡ್‌ಗಳು ಹಂಚಿಕೊಂಡಿವೆ.

ನೆರೆಯವರೂ ಕೈಕಟ್ಟಿ ಕುಳಿತಿಲ್ಲ. ರಕ್ಷಣಾ ವೆಚ್ಚವನ್ನು ಜಿಡಿಪಿಯ ಶೇ. 2ಕ್ಕೆ ಏರಿಸಲು ಜಪಾನ್ 2022ರಲ್ಲಿ ನಿರ್ಧರಿಸಿತು; ಫಿಲಿಪ್ಪೀನ್ಸ್ ಭಾರತದಿಂದ ಖರೀದಿಸಿದ ಬ್ರಹ್ಮೋಸ್ ಕ್ಷಿಪಣಿಗಳ ಮೊದಲ ಕಂತು 2024ರ ಏಪ್ರಿಲ್‌ನಲ್ಲಿ ಅಲ್ಲಿಗೆ ತಲುಪಿತು.