ಪ್ಯಾಸಿವ್ ವಾಯ್ಸಿನಲ್ಲಿ ‘ಬೀಯಿಂಗ್’ ಎಲ್ಲಿ, ‘ಬೀನ್’ ಎಲ್ಲಿ?

ನೀವು ಕೇಳಿದ್ದು ಇಷ್ಟು: ಹತ್ತನೆಯವರೆಗೆ ಕನ್ನಡ ಮಾಧ್ಯಮ, ಈಗ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೇನೆ. ‘ದೆ ಆರ್ ರಿಪೇರಿಂಗ್ ದ ರೋಡ್’ ಎಂಬುದರ ಪ್ಯಾಸಿವ್ ಕೇಳಿದಾಗ ‘ದ ರೋಡ್ ಈಸ್ ರಿಪೇರ್ಡ್’ ಎಂದು ಗುರುತು ಹಾಕಿ ಅಂಕ ಕಳೆದುಕೊಂಡೆ. ಈಸ್, ವಾಸ್, ಬೀಯಿಂಗ್, ಬೀನ್ ಯಾವುದು ಎಲ್ಲಿ ಬರುತ್ತದೆಂದು ಬಾಯಿಪಾಠ ಮಾಡದೆ ತಿಳಿಯಲು ದಾರಿ ಉಂಟಾ?

ಖಂಡಿತ ಉಂಟು. ಕಾಸರಗೋಡಿನ ಕುಂಬಳೆಯ ಹತ್ತಿರ ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರೆಲ್ಲ ಕನ್ನಡ ಶಾಲೆಯವರೇ. ನೀವು ತಪ್ಪಿದ ಜಾಗದಲ್ಲೇ ಅವರೂ ತಪ್ಪುತ್ತಾರೆ, ಹಾಗಾಗಿ ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ.

ಒಂದೊಂದು ಕಾಲಕ್ಕೂ ಒಂದೊಂದು ಪ್ಯಾಸಿವ್ ರೂಪ ಕೊಡುವ ಹನ್ನೆರಡು ಸಾಲಿನ ಪಟ್ಟಿಯನ್ನು ಬದಿಗಿಡಿ. ಮಾಡುವವರು ಮುಂದೆ ನಿಂತರೆ ಆ್ಯಕ್ಟಿವ್, ಯಾವುದನ್ನು ಮಾಡಿದರೋ ಅದು ಮುಂದೆ ನಿಂತರೆ ಪ್ಯಾಸಿವ್. ನಿಯಮ ಒಂದೇ. ಆ್ಯಕ್ಟಿವ್ ವಾಕ್ಯದ ಮುಖ್ಯ ಕ್ರಿಯಾಪದ ಯಾವ ಅಂಗಿ ತೊಟ್ಟಿದೆಯೋ ಅದನ್ನು ಬಿಚ್ಚಿ ‘ಬಿ’ ಎಂಬ ಪದಕ್ಕೆ ತೊಡಿಸಬೇಕು. ಆಮೇಲೆ ಕ್ರಿಯಾಪದಕ್ಕೆ ಯಾವಾಗಲೂ ಮೂರನೇ ರೂಪ, ಅಂದರೆ ‘ರೈಟ್, ರೋಟ್, ರಿಟನ್’ನಲ್ಲಿ ‘ರಿಟನ್’ನಂಥದ್ದು. ಅಷ್ಟೇ.

ಉದಾಹರಣೆಗೆ ನಮ್ಮ ಕಡೆಯ ಸುರಂಗವನ್ನೇ ತೆಗೆದುಕೊಳ್ಳಿ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಒಳಗಿನ ನೀರು ತಾನಾಗಿ ಹರಿದು ಬರುವಂತೆ ಮಾಡುತ್ತಾರಲ್ಲ, ಅದು. ‘ದೆ ಆರ್ ಡಿಗ್ಗಿಂಗ್ ಎ ಸುರಂಗ’ ಎಂಬ ವಾಕ್ಯದಲ್ಲಿ ‘ಡಿಗ್’ ತೊಟ್ಟ ಅಂಗಿ ‘ಇಂಗ್’. ಅದನ್ನು ‘ಬಿ’ಗೆ ತೊಡಿಸಿದರೆ ‘ಬೀಯಿಂಗ್’ ಆಯಿತು. ‘ಎ ಸುರಂಗ ಈಸ್ ಬೀಯಿಂಗ್ ಡಗ್’. ‘ದೆ ಹ್ಯಾವ್ ಡಗ್ ಎ ಸುರಂಗ’ ಎಂದಾಗ ‘ಹ್ಯಾವ್’ ಆದ ಮೇಲೆ ಇರುವುದು ಮೂರನೇ ರೂಪ. ‘ಬಿ’ಯ ಮೂರನೇ ರೂಪ ‘ಬೀನ್’, ಆದ್ದರಿಂದ ‘ಎ ಸುರಂಗ ಹ್ಯಾಸ್ ಬೀನ್ ಡಗ್’. ‘ದೆ ವಿಲ್ ಡಿಗ್’ ಎಂಬಲ್ಲಿ ಕ್ರಿಯಾಪದಕ್ಕೆ ಅಂಗಿಯೇ ಇಲ್ಲ, ಹಾಗಾಗಿ ‘ಬಿ’ಯೂ ಬರಿಮೈಯಲ್ಲೇ ಇರುತ್ತದೆ: ‘ವಿಲ್ ಬಿ ಡಗ್’. ಕ್ಯಾನ್, ಮಸ್ಟ್, ಶುಡ್ ಬಂದರೂ ಹೀಗೆಯೇ. ಬರೀ ‘ದೆ ಡಿಗ್’ ಇದ್ದರೆ ‘ಈಸ್ ಡಗ್’, ‘ದೆ ಡಗ್’ ಇದ್ದರೆ ‘ವಾಸ್ ಡಗ್’. ಈಸ್, ಆರ್, ಹ್ಯಾಸ್, ಹ್ಯಾವ್ ಇವುಗಳಲ್ಲಿ ಯಾವುದೆಂದು ತೀರ್ಮಾನಿಸುವುದು ಹೊಸದಾಗಿ ಮುಂದೆ ಬಂದು ನಿಂತ ಪದ. ಸುರಂಗ ಒಂದೇ ಆದ್ದರಿಂದ ‘ಹ್ಯಾವ್’ ಹೋಗಿ ‘ಹ್ಯಾಸ್’ ಬಂತು.

ಈಗ ನಿಮ್ಮ ರಸ್ತೆಗೆ ಬನ್ನಿ. ‘ರಿಪೇರಿಂಗ್’ನ ‘ಇಂಗ್’ ನಿಮ್ಮ ಉತ್ತರದಲ್ಲಿ ಎಲ್ಲಿ ಹೋಯಿತು? ಬಿಚ್ಚಿದ್ದೀರಿ, ಯಾರಿಗೂ ತೊಡಿಸಿಲ್ಲ. ‘ದ ರೋಡ್ ಈಸ್ ಬೀಯಿಂಗ್ ರಿಪೇರ್ಡ್’ ಆಗಬೇಕಿತ್ತು. ‘ದ ರೋಡ್ ಈಸ್ ರಿಪೇರ್ಡ್’ ಎಂಬುದೂ ಇಂಗ್ಲಿಷೇ, ಆದರೆ ಅದು ‘ದೆ ರಿಪೇರ್ ದ ರೋಡ್’ ಎಂಬುದರ ಪ್ಯಾಸಿವ್, ಅರ್ಥ ಬೇರೆ. ನಮ್ಮ ಮಾತಿನಲ್ಲಿ ಹಿಡಿದು ನೋಡಿ: ಕೆಲಸ ನಡೆಯುತ್ತಾ ಇದ್ದರೆ ‘ತೋಡ್ತಾ ಇದ್ದಾರೆ’ ಅನ್ನುತ್ತೇವೆ, ಅಲ್ಲಿ ‘ಬೀಯಿಂಗ್’. ಮುಗಿದಿದ್ದರೆ ‘ತೋಡಿ ಆಗಿದೆ’ ಅನ್ನುತ್ತೇವೆ, ಅಲ್ಲಿ ‘ಹ್ಯಾಸ್ ಬೀನ್’. ಅಡಿಕೆ ಸುಲಿದು ಆಗಿದೆ, ಮದ್ದು ಬಿಟ್ಟು ಆಗಿದೆ ಎಂದು ದಿನಕ್ಕೆ ಹತ್ತು ಸಲ ಹೇಳುವ ನಮಗೆ ಈ ‘ಹ್ಯಾಸ್ ಬೀನ್’ ಪರಕೀಯವಲ್ಲ. ಶಾಲೆಯಲ್ಲಿ ‘ಸುಲಿಯಲ್ಪಟ್ಟಿದೆ’ ಎಂದು ಕಲಿಸಿದ್ದರಿಂದ ದೂರದ್ದೆನಿಸಿತು. ‘ಅಲ್ಪಟ್ಟಿತು’ ಎಂದು ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಮೂರನೇ ರೂಪದ ಬಗ್ಗೆ ಒಂದು ಎಚ್ಚರಿಕೆ. ‘ಡಿಗ್’ಗೆ ಎರಡನೆಯದೂ ಮೂರನೆಯದೂ ‘ಡಗ್’ ಆದ್ದರಿಂದ ತಪ್ಪು ಮರೆಯಾಗುತ್ತದೆ. ‘ರೈಟ್, ರೋಟ್, ರಿಟನ್’ ಬಂದಾಗ ‘ವಾಸ್ ರೋಟ್’ ಎಂದು ಬರೆಯುವವರು ಬಹಳ. ಬಾಯಿಪಾಠ ಮಾಡಲೇಬೇಕಾದ್ದು ಏನಾದರೂ ಇದ್ದರೆ ಈ ಮೂರು ರೂಪಗಳು.

ಆದರೆ ಇಂಗ್ಲಿಷಿಗೆ ಇಷ್ಟೊಂದು ತಿರುಚಾಟ ಯಾಕೆ ಬೇಕಾಯಿತು? ಅದು ತಿಳಿದರೆ ಎಲ್ಲಿ ಪ್ಯಾಸಿವ್ ಬೇಕು ಎಂಬುದೂ ತಿಳಿಯುತ್ತದೆ. ಕನ್ನಡದಲ್ಲಿ ಯಾರು ಮಾಡಿದ್ದು, ಯಾವುದನ್ನು ಮಾಡಿದ್ದು ಎಂಬುದನ್ನು ವಿಭಕ್ತಿ ಪ್ರತ್ಯಯ ಹೇಳುತ್ತದೆ. ‘ಬೇಕಲ ಕೋಟೆಯನ್ನು ಶಿವಪ್ಪ ನಾಯಕ ಕಟ್ಟಿಸಿದ’ ಎಂದರೂ ‘ಶಿವಪ್ಪ ನಾಯಕ ಬೇಕಲ ಕೋಟೆಯನ್ನು ಕಟ್ಟಿಸಿದ’ ಎಂದರೂ ಕಟ್ಟಿಸಿದವನು ನಾಯಕನೇ. ಕೋಟೆಯ ವಿಷಯ ಮಾತಾಡುವಾಗ ಕೋಟೆಯನ್ನು ಮುಂದಕ್ಕೆ ತಂದರಾಯಿತು, ಕ್ರಿಯಾಪದವನ್ನು ಮುಟ್ಟಬೇಕಾಗಿಲ್ಲ. ಇಂಗ್ಲಿಷಿನಲ್ಲಿ ನಾಮಪದಕ್ಕೆ ಅಂಥ ಬಾಲವಿಲ್ಲ, ನಿಂತ ಜಾಗವೇ ವಿಭಕ್ತಿ. ಕೋಟೆಯನ್ನು ಸುಮ್ಮನೆ ಮುಂದೆ ತಂದರೆ ಕೋಟೆಯೇ ನಾಯಕನನ್ನು ಕಟ್ಟಿದಂತಾಗುತ್ತದೆ! ಹಾಗಾಗಿ ಕ್ರಿಯಾಪದವನ್ನು ‘ವಾಸ್ ಬಿಲ್ಟ್’ ಎಂದು ತಿರುಗಿಸಿ, ಮುಂದೆ ನಿಂತದ್ದು ಕರ್ತೃವಲ್ಲ ಎಂದು ತಿಳಿಸಬೇಕಾಗುತ್ತದೆ. ಕನ್ನಡ ಪದ ಸರಿಸಿ ಮಾಡುವ ಕೆಲಸವನ್ನು ಇಂಗ್ಲಿಷ್ ಪ್ಯಾಸಿವ್ ಮೂಲಕ ಮಾಡುತ್ತದೆ. ಇದನ್ನು ನನಗೆ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಎಷ್ಟೋ ವರ್ಷ ಮೊದಲೇ ಅರ್ಥವಾಗುತ್ತಿತ್ತು.

ಪ್ಯಾಸಿವ್ ಆಗುವ ವಾಕ್ಯ ಯಾವುದು ಎಂದು ಗುರುತಿಸಲೂ ಕನ್ನಡವೇ ಸಾಕು. ‘ಏನನ್ನು? ಯಾರನ್ನು?’ ಎಂದು ಕೇಳಿ. ತೋಡಿದರು, ಏನನ್ನು? ಉತ್ತರ ಬಂತು, ಸಕರ್ಮಕ, ಪ್ಯಾಸಿವ್ ಆಗುತ್ತದೆ. ಮಲಗಿದ, ಏನನ್ನು? ಉತ್ತರವಿಲ್ಲ, ಬಿಟ್ಟುಬಿಡಿ.

ಒಂದು ಕಡೆ ಮಾತ್ರ ಕನ್ನಡ ನಮ್ಮನ್ನು ತಡೆಯುತ್ತದೆ. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ಮದ್ರಾಸ್ ಸರಕಾರ ರಾಷ್ಟ್ರಕವಿ ಬಿರುದು ಕೊಟ್ಟಿತು. ಇಲ್ಲಿ ‘ಗೋವಿಂದ ಪೈಗಳಿಗೆ’ ಎಂಬುದು ಚತುರ್ಥಿ, ಕನ್ನಡದಲ್ಲಿ ಅದು ಕರ್ತೃಸ್ಥಾನಕ್ಕೆ ಬರಲಾರದು. ಇಂಗ್ಲಿಷಿನಲ್ಲಿ ಬರುತ್ತದೆ: ‘ಗೋವಿಂದ ಪೈ ವಾಸ್ ಗಿವನ್ ದ ಟೈಟಲ್’. ಮಕ್ಕಳು ಇದನ್ನು ಓದಿ ಪೈಗಳೇ ಯಾರಿಗೋ ಬಿರುದು ಕೊಟ್ಟರು ಎಂದುಕೊಳ್ಳುತ್ತಾರೆ. ‘ಐ ವಾಸ್ ಗಿವನ್’ ಎಂದರೆ ‘ನನಗೆ ಕೊಟ್ಟರು’, ‘ಐ ವಾಸ್ ಟೋಲ್ಡ್’ ಎಂದರೆ ‘ನನಗೆ ಹೇಳಿದರು’. ಇವೆರಡನ್ನು ನಾಲ್ಕು ಸಲ ಗಟ್ಟಿಯಾಗಿ ಓದಿ, ಕಿವಿಗೆ ಕೂರಬೇಕು.

‘ಇಂದ’ ಕೂಡ ಮೋಸ ಮಾಡುತ್ತದೆ. ಬರಹದ ಕನ್ನಡದಲ್ಲಿ ‘ಅಪ್ಪನಿಂದ’, ‘ಕತ್ತಿಯಿಂದ’ ಎರಡಕ್ಕೂ ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಮಾಡಿದವರಿಗೆ ‘ಬೈ’, ಹಿಡಿದ ಸಾಧನಕ್ಕೆ ‘ವಿತ್’. ಮನೆಯಲ್ಲಿ ನಾವು ‘ಅಪ್ಪ ಕತ್ತಿಯಲ್ಲಿ ಬೊಂಡ ಕೆತ್ತಿದರು’ ಅನ್ನುತ್ತೇವಲ್ಲ, ಆ ‘ಕತ್ತಿಯಲ್ಲಿ’ ಬರುವ ಕಡೆಯೆಲ್ಲ ‘ವಿತ್’ ಹಾಕಿ.

ಇನ್ನು ‘ಬೈ ದೆಮ್’, ‘ಬೈ ಸಮ್‌ವನ್’ ಇವನ್ನು ಬಿಡಬಹುದು. ಯಾರೆಂದು ಗೊತ್ತಿಲ್ಲದಾಗ, ಬೇಕಾಗದಾಗ ಬಿಡುವುದೇ ಚೆಂದ. ಆದರೆ ಬಿಡುವುದೆಲ್ಲ ಒಂದೇ ಅಲ್ಲ. ಒಮ್ಮೆ ಪ್ರಬಂಧ ಬರೆಸುತ್ತಿದ್ದಾಗ ‘ಎಂಡೋಸಲ್ಫಾನ್ ವಾಸ್ ಸ್ಪ್ರೇಡ್ ಓವರ್ ದ ಕ್ಯಾಶ್ಯೂ ಪ್ಲಾಂಟೇಶನ್ಸ್’ ಎಂದು ಬೋರ್ಡಿನಲ್ಲಿ ಬರೆದೆ. ಎರಡು ದಶಕಕ್ಕೂ ಹೆಚ್ಚು ಕಾಲ ನಮ್ಮ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕ ವಿಷ ಸುರಿದ ಕತೆ ಅದು. ವ್ಯಾಕರಣದಲ್ಲಿ ಏನೂ ತಪ್ಪಿಲ್ಲ. ಎಣ್ಮಕಜೆ ಕಡೆಯಿಂದ ಬರುತ್ತಿದ್ದ ಎಂಟನೆಯ ಹುಡುಗಿ ಕೈ ಎತ್ತಿ ‘ಟೀಚರೇ, ಬೈ ಹೂಮ್?’ ಎಂದು ಕೇಳಿದಳು. ಅವಳ ಮನೆಯ ಹತ್ತಿರದಲ್ಲೇ ಅದರಿಂದ ನರಳುವವರಿದ್ದರು. ನಾನು ಆ ವಾಕ್ಯವನ್ನು ಅಳಿಸಿ, ಸಿಂಪಡಿಸಿದವರನ್ನು ಮುಂದೆ ನಿಲ್ಲಿಸಿ ಆ್ಯಕ್ಟಿವ್‌ನಲ್ಲಿ ಬರೆಸಿದೆ. ಪರೀಕ್ಷೆಯಲ್ಲಿ ಹೇಳಿದಂತೆ ಬದಲಾಯಿಸಿ, ಆದರೆ ಸ್ವಂತ ಬರೆಯುವಾಗ ಮಾಡಿದವರ ಹೆಸರು ಬೇಕೋ ಬೇಡವೋ ಎಂದು ಒಮ್ಮೆ ಯೋಚಿಸಿ.

ಪರೀಕ್ಷೆಗೆ ಉಳಿದದ್ದು ಸಣ್ಣದು. ‘ಹೂ ರೋಟ್ ದಿಸ್?’ ಎಂಬುದು ‘ಬೈ ಹೂಮ್ ವಾಸ್ ದಿಸ್ ರಿಟನ್?’ ಆಗುತ್ತದೆ. ‘ಶಟ್ ದ ಡೋರ್’ ಎಂಬ ಆಜ್ಞೆಗೆ ‘ಲೆಟ್ ದ ಡೋರ್ ಬಿ ಶಟ್’. ‘ಹ್ಯಾವ್ ಬೀನ್ ಡಿಗ್ಗಿಂಗ್’ ತರಹದವನ್ನು ವ್ಯಾಕರಣ ಪುಸ್ತಕಗಳೂ ಸಾಮಾನ್ಯವಾಗಿ ಪ್ಯಾಸಿವ್ ಮಾಡಿಸುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ.

ನಿಮ್ಮ ಮನೆ, ತೋಟದ ಕೆಲಸಗಳನ್ನೇ ಹಿಡಿದು ಐದು ವಾಕ್ಯ ಬರೆದು ಇಲ್ಲಿ ಹಾಕಿ. ಅದರಲ್ಲಿ ಎರಡು ‘ಬೀಯಿಂಗ್’ನವು ಇರಲಿ. ನಾನು ತಿದ್ದಿ ಕೊಡುತ್ತೇನೆ.